ನಾಮಾಂಕಿತವೇನು?

ಮಕ್ಕಳ ಹೆಸರನ್ನು ಪಟ್ಟಿಯಲ್ಲಿ ಬರೆಸುವುದರಲ್ಲಿ ಹಿರಿಯರಿಗಿರುವ ಆತುರ ಮತ್ತಾವ ಕೆಲಸದಲ್ಲಿಯೂ ಕಾಣದು. ತೊಟ್ಟಿಲಲ್ಲಿ ಹೆಸರಿಟ್ಟಂದಿನಿಂದ ಮೊದಲಾಗುವ ಈ ಸಡಗರ ಶಾಲೆಯ ದಾಖಲೆ, ಸಂಗೀತದ ಪಾಠ, ಈಜಿನ ಪಾಠ, ಬೇಸಿಗೆಯ ಶಿಬಿರ ಎಂದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಗುತ್ತದೆ. ಹೆಸರು ಮಗುವಿನದು, ಬರೆಸುವ ಕೈ ತಂದೆಯದು, ಬರೆಸಿಯಾದ ಮೇಲೆ ಹೋಗಿ ನಿಲ್ಲಬೇಕಾದ ಕಾಲು ಮಾತ್ರ ಮತ್ತೆ ಮಗುವಿನದು. ಈ ಕೈಗೂ ಆ ಕಾಲಿಗೂ ನಡುವೆ ಒಂದು ಮಾತು ನಡೆಯಬೇಕಾಗಿತ್ತೆಂಬುದು ಅನೇಕರಿಗೆ ತಡವಾಗಿ ಹೊಳೆಯುತ್ತದೆ. ಹೊಸಪೇಟೆಯ ಒಬ್ಬ ಗೃಹಸ್ಥರಿಗೆ ಹೊಳೆದುದೂ ಹಾಗೆಯೇ.

ಬೇಸಿಗೆಯ ರಜೆ. ಊರಿನ ಸಂಘವೊಂದು ಮಕ್ಕಳಿಗೆ ಇಪ್ಪತ್ತು ದಿನ ಬಯಲಾಟ ಕಲಿಸುವುದಾಗಿಯೂ, ಕೊನೆಯ ರಾತ್ರಿ ಆ ಮಕ್ಕಳಿಂದಲೇ ಆಟ ಆಡಿಸುವುದಾಗಿಯೂ ಪ್ರಕಟಿಸಿತ್ತು. ಸ್ಥಳ ಇಪ್ಪತ್ತೇ, ಮೊದಲು ಬಂದವರಿಗೆ ಮೊದಲು. ಗೃಹಸ್ಥರು ಬೆಳಗಿನ ಜಾವಕ್ಕೆ ಎದ್ದು, ಸ್ನಾನ ಮುಗಿಸಿ, ಆರು ಗಂಟೆಗೆಲ್ಲ ಸಂಘದ ಬಾಗಿಲಲ್ಲಿ ನಿಂತರು. ಅಷ್ಟು ಹೊತ್ತಿಗೇ ಏಳು ಮಂದಿ ಅಲ್ಲಿದ್ದರು. ಸಂಡೂರಿನಿಂದ ಮೊದಲ ಬಸ್ಸಿಗೆ ಬಂದ ಒಬ್ಬ ತಾಯಿ, ಅಕ್ಕನ ಮಗನಿಗಾಗಿ ಕಂಪ್ಲಿಯಿಂದ ಬಂದ ಒಬ್ಬ ಸೋದರಮಾವ, ಹೊಸಪೇಟೆಯವರೇ ಆದ ಐವರು. ಯಾರೊಡನೆಯೂ ಮಗುವಿರಲಿಲ್ಲ. ಮಕ್ಕಳೆಲ್ಲ ಮನೆಯಲ್ಲಿ ಮಲಗಿ ನಿದ್ರಿಸುತ್ತಿದ್ದರು.

ಎಂಟು ಗಂಟೆಗೆ ಬಾಗಿಲು ತೆರೆಯಿತು. ಅರ್ಜಿಯಲ್ಲಿ ಹೆಸರು, ವಯಸ್ಸು, ಶಾಲೆ, ಇಷ್ಟವಾದ ಪಾತ್ರ ಎಂದು ನಾಲ್ಕು ಸಾಲುಗಳಿದ್ದವು. ನಾಲ್ಕನೆಯ ಸಾಲಿನಲ್ಲಿ ಎಲ್ಲರೂ ತಮಗೆ ಇಷ್ಟವಾದುದನ್ನೇ ಬರೆದರು. ಇಪ್ಪತ್ತು ಅರ್ಜಿಗಳಲ್ಲಿ ರಾಜನ ಪಾತ್ರಕ್ಕೆ ಹನ್ನೊಂದು, ರಾಣಿಗೆ ಐದು, ಮಂತ್ರಿಗೆ ಮೂರು, ಸೇನಾಪತಿಗೆ ಒಂದು. ದ್ವಾರಪಾಲಕನಾಗಲು ಯಾರೂ ಮುಂದೆ ಬರಲಿಲ್ಲ. ಬಾಗಿಲು ಕಾಯುವವರಿಲ್ಲದ ಆ ಅರಮನೆಯಲ್ಲಿ ಗೃಹಸ್ಥರೂ ತಮ್ಮ ಎಂಟು ವರ್ಷದ ಮಗಳನ್ನು ರಾಣಿಯಾಗಿ ಕುಳ್ಳಿರಿಸಿ, ಒಗ್ಗರಣೆ ಮಂಡಕ್ಕಿ ಮಿರ್ಚಿಯ ಪೊಟ್ಟಣದೊಂದಿಗೆ ವಿಜಯಿಯಾಗಿ ಮನೆಗೆ ಮರಳಿದರು.

ಈ ಸರತಿಯ ಸಾಲು ಹೊಸಪೇಟೆಗೆ ಮಾತ್ರ ಸೇರಿದುದಲ್ಲ. ಅಮೆರಿಕದಲ್ಲಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ಎಂಬ ವಿನೋದೋದ್ಯಾನ ತೆರೆದ ಮೇಲೆ, ಅಂಥ ಥೀಮ್ ಪಾರ್ಕುಗಳು ದೇಶದೇಶಗಳಲ್ಲಿ ಹುಟ್ಟಿಕೊಂಡವು. ಅಲ್ಲಿ ಮಕ್ಕಳು ಕೇವಲ ನೋಡುವವರಾಗಿ ಉಳಿಯದೆ, ತಾವೇ ವೇದಿಕೆ ಹತ್ತಿ ಕಥೆಯೊಳಗೆ ಸೇರಿಬಿಡುವ ಆಟಗಳೂ ಬಂದವು. 2006ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ಮೊದಲಾದ ಅಂಥದೊಂದು ಆಟದಲ್ಲಿ ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳು ನಿಲುವಂಗಿ ತೊಟ್ಟು, ಬೆಳಕಿನ ಖಡ್ಗ ಹಿಡಿದು, ಸಿನಿಮಾದ ಖಳನೊಡನೆ ಕಾದಾಡುತ್ತಿದ್ದರು. ಫ್ಲಾರಿಡಾದ ಉದ್ಯಾನದಲ್ಲಿ ಇದೇ ಆಟಕ್ಕೆ ಹೆಸರು ಬರೆಸಲು ತಂದೆತಾಯಿಗಳು ಬಾಗಿಲು ತೆರೆಯುತ್ತಲೇ ಓಡುತ್ತಿದ್ದರು. ಆದರೆ ಅಲ್ಲಿ ಒಂದು ನಿಯಮವಿತ್ತು: ಹೆಸರು ಬರೆಸುವಾಗ ಮಗುವೂ ಎದುರಿಗಿರಬೇಕು. ತಂದೆ ಒಬ್ಬನೇ ಓಡಿ ಬಂದು ಪ್ರಯೋಜನವಿರಲಿಲ್ಲ. ಆ ಆಟ 2020ರ ನಂತರ ನಿಂತುಹೋಯಿತು. ಆಟ ನಿಂತರೂ ಆ ನಿಯಮ ನೆನಪಿಡತಕ್ಕುದು.

ಗೃಹಸ್ಥರಿಗೆ ಇಪ್ಪತ್ತು ದಿನಗಳ ಶಿಬಿರವೇ ಗುರಿಯಾಗಿರಲಿಲ್ಲ. ಅವರ ಕಣ್ಣು ಹಂಪಿಯ ಮೇಲಿತ್ತು. ಹೂವಿನಹಡಗಲಿಯ ಎಂ.ಪಿ. ಪ್ರಕಾಶರು ಮಂತ್ರಿಗಳಾಗಿದ್ದು ರಂಗಭೂಮಿಯನ್ನು ಪ್ರೀತಿಸಿದವರು. ಅವರ ಆಸಕ್ತಿಯಿಂದ 1980ರ ದಶಕದಲ್ಲಿ ಮೊದಲಾದ ಹಂಪಿ ಉತ್ಸವಕ್ಕೆ ಸುತ್ತಲಿನ ಊರುಗಳೆಲ್ಲ ನೆರೆಯುತ್ತವೆ. ಉತ್ಸವ ಸಮೀಪಿಸಿದಾಗ ಕಲಾವಿದರಿಂದ ಅರ್ಜಿ ಕರೆಯುವುದುಂಟು. ಎದುರು ಬಸವಣ್ಣನ ಬಳಿಯ ವೇದಿಕೆಯ ಮೇಲೆ ದೊಡ್ಡವರೊಂದಿಗೆ ಮಕ್ಕಳೂ ಗೆಜ್ಜೆ ಕಟ್ಟಿ ಕುಣಿಯುತ್ತಾರೆ. ಅಲ್ಲಿ ತಮ್ಮ ಮಗಳೂ ಒಂದು ದಿನ ನಿಲ್ಲಬೇಕೆಂಬುದು ಗೃಹಸ್ಥರ ಹಂಬಲ. ಹಂಬಲದಲ್ಲಿ ತಪ್ಪೇನೂ ಇಲ್ಲ. ಹಂಪಿಯ ಕಲ್ಲುಗಳೇ ಅಂಥ ಹಂಬಲವನ್ನು ಹುಟ್ಟಿಸುತ್ತವೆ. ಹಜಾರರಾಮ ದೇವಾಲಯದ ಹೊರಗೋಡೆಯ ಸಾಲುಸಾಲು ಕೆತ್ತನೆಗಳಲ್ಲಿ ಆನೆ, ಕುದುರೆ, ನರ್ತಕಿಯರ ಮೆರವಣಿಗೆ ಇಂದಿಗೂ ಸಾಗಿದೆ. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪಾರಸಿಯ ರಾಯಭಾರಿ ಅಬ್ದುಲ್ ರಜಾಕನು ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ತೂಗುವ ಮರದ ತೊಲೆಯ ಮೇಲೆ ಆನೆಯೊಂದು ನಿಂತು, ವಾದ್ಯದ ಲಯಕ್ಕೆ ಸರಿಯಾಗಿ ಸೊಂಡಿಲಾಡಿಸಿದುದನ್ನೂ ಆತ ಮರೆತಿಲ್ಲ. ಆ ಆನೆಯ ಒಪ್ಪಿಗೆಯನ್ನು ಯಾರೂ ಕೇಳಿರಲಾರರು. ಆದರೆ ಮಗು ಆನೆಯಲ್ಲ.

ಮನೆಯಲ್ಲಿ ಸುದ್ದಿ ತಿಳಿದಾಗ ಹುಡುಗಿ ಮಾತಾಡದೆ ಅಜ್ಜಿಯ ಸೆರಗಿನ ಹಿಂದೆ ಸರಿದಳು. ಮಾತು ಕಡಿಮೆಯ ಮಗು. ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ಅವಳ ಉತ್ತರ ಮುಂದಿನ ಬೆಂಚಿಗೆ ಕೇಳಿಸಿದರೆ ಹೆಚ್ಚು. ಆದರೆ ಅಜ್ಜಿಯ ಮುಖ ಅರಳಿತು. ಅಜ್ಜಿಯ ತವರು ಕಂಪ್ಲಿ. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ಸೇನೆಯೊಡನೆ ಹೋರಾಡಿ ಮಡಿದ ಕಂಪಿಲರಾಯನ ಮಗ ಕುಮಾರರಾಮನ ಕಥೆ ಆ ಸೀಮೆಯಲ್ಲಿ ಹಾಡಾಗಿ, ಆಟವಾಗಿ ಉಳಿದಿದೆ. ಆಕೆ ಹುಡುಗಿಯಾಗಿದ್ದಾಗ ಕಂಬಳಿ ಹಾಸಿಕೊಂಡು ಕುಳಿತು, ಬೆಳ್ಳಿ ಮೂಡುವವರೆಗೂ ಆ ಆಟವನ್ನು ನೋಡಿದ್ದಳು. ಒಮ್ಮೆಯಲ್ಲ, ಎಷ್ಟೋ ಸಲ. ಆಗ ರಂಗದ ಮೇಲೆ ರಾಣಿಯೂ ಗಂಡಸೇ, ಸಖಿಯೂ ಗಂಡಸೇ. ನೋಡಿ ನೋಡಿ ಇಡೀ ಪಾತ್ರವೊಂದು ಆ ಹುಡುಗಿಗೆ ಬಾಯಿಗೆ ಬಂದಿತ್ತು. ಬಾಯಿಗೆ ಬಂದುದು ಬಾಯಿಂದ ಹೊರಗೆ ಬರಲಿಲ್ಲ. ಆಕೆಯ ಹೆಸರನ್ನು ಯಾವ ಪಟ್ಟಿಯಲ್ಲಿಯೂ ಯಾರೂ ಬರೆಸಲಿಲ್ಲ.

ಇಷ್ಟೆಲ್ಲ ನೆನೆದ ಮೇಲೂ ಅಜ್ಜಿ ಮಗನನ್ನು ಒಂದು ಮಾತು ಕೇಳಿದಳು: "ಬರೆಸಿದ್ದು ಚಲೋ ಆಯಿತಪ್ಪಾ. ಕೂಸನ್ನ ಒಂದು ಮಾತು ಕೇಳಿದಿಯೇನು?"

"ಅದನ್ನೇನು ಕೇಳೋದಮ್ಮಾ, ಚಿಕ್ಕವಳು," ಎಂದು ಮಗ ಪತ್ರಿಕೆಯ ಹಾಳೆ ತಿರುವಿದರು.

ಶಿಬಿರದ ಮಾಸ್ತರು ಕಂಪ್ಲಿಯ ಕಡೆಯ ಹಳ್ಳಿಯವರು. ಹಗಲು ಗದ್ದೆಯ ಕೆಲಸ, ಸಂಜೆ ಮದ್ದಳೆಯ ಕೆಲಸ. ಮೂಡಲಪಾಯದ ಬಯಲಾಟ ಒಂದೆರಡು ವಾರದಲ್ಲಿ ಕೈಗೆ ಹತ್ತುವ ವಿದ್ಯೆಯಲ್ಲ. ಹಳ್ಳಿಗಳಲ್ಲಿ ರೈತರು ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ರಾತ್ರಿ ಕುಳಿತು ಪದ, ಮಾತು, ಹೆಜ್ಜೆಗಳನ್ನು ಕಲಿಯುತ್ತಾರೆ. ವೇಷದ ವೆಚ್ಚವನ್ನು ತಾವೇ ಹಂಚಿಕೊಳ್ಳುತ್ತಾರೆ. ಕಿರೀಟ, ಭುಜಕೀರ್ತಿ, ಎದೆಗವಚಗಳ ಭಾರ ಹೊತ್ತು ಇರುಳೆಲ್ಲ ಕುಣಿಯುತ್ತಾರೆ. ಇಪ್ಪತ್ತು ದಿನದಲ್ಲಿ ಮಕ್ಕಳಿಗೆ ಅದರಲ್ಲಿ ಎಷ್ಟು ಬಂದೀತು? ಆದುದರಿಂದ ಮಾಸ್ತರು ಮೊದಲ ದಿನವೇ ಪ್ರವೇಶದ ಪದ್ಧತಿಯನ್ನು ಕಲಿಸಲು ತೊಡಗಿದರು.

ಬಯಲಾಟದಲ್ಲಿ ಪಾತ್ರ ರಂಗಕ್ಕೆ ಬಂದೊಡನೆ ಕಥೆ ಮುಂದೆ ಸಾಗುವುದಿಲ್ಲ. ಅಲ್ಲಿ ಸಾರಥಿ ಎಂಬವನೊಬ್ಬನಿದ್ದಾನೆ. ಆತ ಅರ್ಧ ನಿರ್ವಾಹಕ, ಅರ್ಧ ವಿದೂಷಕ. ಬಂದವನು ಚಕ್ರವರ್ತಿಯಾಗಲಿ, ಚಾರನಾಗಲಿ, ಆತ ಅಡ್ಡ ನಿಂತು ಕೇಳುತ್ತಾನೆ: ಬಂದವರು ಯಾರು? ಯಾವ ಪಟ್ಟಣ? ನಾಮಾಂಕಿತವೇನು? ಪಾತ್ರ ತನ್ನ ಹೆಸರನ್ನು ತಾನೇ ಹೇಳಬೇಕು. ಹೇಳಿದ ಮೇಲೆಯೇ ಕಥೆಯೊಳಗೆ ಅದಕ್ಕೊಂದು ಸ್ಥಳ.

ಹುಡುಗರು ಒಬ್ಬೊಬ್ಬರಾಗಿ ಬಂದರು. ಗಂಟಲು ಹರಿಯುವಂತೆ ಕೂಗಿ ರಾಜರಾದರು. ಗೃಹಸ್ಥರ ಮಗಳ ಸರದಿ ಬಂತು. ಎರಡು ಹೆಜ್ಜೆ ಇಟ್ಟಳು, ನಿಂತಳು. "ನಾಮಾಂಕಿತವೇನು?" ಎಂದರು ಮಾಸ್ತರು. ಉತ್ತರವಿಲ್ಲ. ಮತ್ತೊಮ್ಮೆ ಕೇಳಿದರು. ಹುಡುಗಿಯ ಕಣ್ಣು ನೆಲಕ್ಕಿಳಿಯಿತು. ಮೂರನೆಯ ಸಲ ಕೇಳುವುದರೊಳಗೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಗೃಹಸ್ಥರು ತಡೆಯಲಾರದೆ ಎದ್ದು ನಿಂತು, ಮಗಳ ಹೆಸರನ್ನೂ ರಾಣಿಯ ಹೆಸರನ್ನೂ ಒಟ್ಟಿಗೆ ಕೂಗಿಬಿಟ್ಟರು. ಸಭೆಯೆಲ್ಲ ಗೊಳ್ಳೆಂದಿತು.

ಮಾಸ್ತರು ಮಾತ್ರ ನಗಲಿಲ್ಲ. "ರಾಯರೇ, ಸಾರಥಿ ಕೇಳಿದ್ದು ನಿಮ್ಮನ್ನಲ್ಲರಿ. ಪಾತ್ರಕ್ಕೆ ಬಂದವರೇ ಹೇಳಬೇಕು. ಹೇಳೋ ತನಕ ಆಟ ನಿಂತಿರಲಿ. ಆಟಕ್ಕೇನು ಬಸ್ಸು ಹಿಡಿಯೋದೈತಾ?" ಎಂದು ಮಗುವನ್ನು ಬಳಿಗೆ ಕರೆದು ತಮ್ಮ ಪಕ್ಕದಲ್ಲಿ ತಾಳ ಹಿಡಿದು ಕೂರಿಸಿಕೊಂಡರು.

ಆ ರಾತ್ರಿ ಗೃಹಸ್ಥರಿಗೆ ಊಟ ಸೇರಲಿಲ್ಲ. ಅಪಮಾನವಾದುದು ತಮಗೋ ಮಗಳಿಗೋ ಎಂದು ಬಗೆಹರಿಯಲಿಲ್ಲ. ಹೆಸರು ತೆಗೆಸಿಬಿಡೋಣವೆಂದು ಒಮ್ಮೆ ತೋರಿತು. ಆದರೆ ತೆಗೆಸುವಾಗಲೂ ಮಗುವನ್ನು ಕೇಳದೆಯೇ ತೆಗೆಸಿದರೆ, ಬರೆಸಿದ ತಪ್ಪೇ ಎರಡನೆಯ ಸಲ ಆದಂತಾಗುವುದಿಲ್ಲವೆ? ಮರುದಿನ ಬೆಳಿಗ್ಗೆ ಮೊದಲ ಬಾರಿಗೆ ಅವರು ಕೇಳಿದರು: "ಹೋಗುತ್ತೀಯೇನಮ್ಮಾ?" ಹುಡುಗಿ ಯೋಚಿಸಿ, "ತಾಳ ಹಾಕೋಕೆ ಹೋಗ್ತೀನಪ್ಪಾ," ಎಂದಳು.

ಎಂಟನೆಯ ದಿನ ಶಿಬಿರಕ್ಕೆ ತೊಗಲುಗೊಂಬೆಯ ವೃದ್ಧ ದಂಪತಿಗಳು ಬಂದರು. ಬಳ್ಳಾರಿಯ ಸೀಮೆಗೆ ಈ ಆಟ ಹೊಸದಲ್ಲ. 2023ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣನವರು ರಾಮಾಯಣವಷ್ಟೇ ಅಲ್ಲದೆ ಸ್ವಾತಂತ್ರ್ಯ ಸಂಗ್ರಾಮದ ಕಥೆಯನ್ನೂ ತೊಗಲುಗೊಂಬೆಗಳಿಂದ ಆಡಿಸಿ ತೋರಿಸಿದ್ದರು. ಬೆಳಕು ಹಾಯುವಷ್ಟು ಹದಮಾಡಿದ ಆಡಿನ ತೊಗಲು. ಅದರ ಮೇಲೆ ಕೆತ್ತನೆ, ಬಣ್ಣ. ನಡುವೆ ಬಿದಿರಿನ ಕಡ್ಡಿ. ಮುಂದೆ ಬಿಳಿಯ ಪರದೆ, ಹಿಂದೆ ದೀಪ. ಹಿಂದೆ ಹರಳೆಣ್ಣೆಯ ದೀಪ ಉರಿಯುತ್ತಿದ್ದಲ್ಲಿ ಈಗ ವಿದ್ಯುತ್ತಿನ ಬಲ್ಬು. ಕಥೆಗೆ ಮೊದಲು ಪರದೆಯ ಮೇಲೆ ಕಿಳ್ಳೇಕ್ಯಾತನೆಂಬ ಹಾಸ್ಯಗಾರ ತನ್ನ ಹೆಂಡತಿ ಬಂಗಾರಕ್ಕನೊಡನೆ ಬಂದು, ನೋಡುವವರನ್ನೇ ಮಾತಿಗೆಳೆಯುತ್ತಾನೆ. ಪ್ರೇಕ್ಷಕರನ್ನು ಆಟದೊಳಗೆ ಸೇರಿಸಿಕೊಳ್ಳುವ ಉಪಾಯ ಥೀಮ್ ಪಾರ್ಕುಗಳು ಬರುವುದಕ್ಕೆ ಎಷ್ಟೋ ಮೊದಲೇ ಈ ಪರದೆಗೆ ಗೊತ್ತಿತ್ತು. ಅಲ್ಲಿ ಅರ್ಜಿಯಿಲ್ಲ, ಸರತಿಯಿಲ್ಲ.

ದೀಪಗಳೆಲ್ಲ ಆರಿದ್ದವು. ಪರದೆಯ ಮೇಲೆ ಕುಣಿಯುತ್ತಿದ್ದ ಕಿಳ್ಳೇಕ್ಯಾತ ತಟ್ಟನೆ ನಿಂತು, ಕತ್ತಲೆಯ ಕಡೆಗೆ ತಿರುಗಿ, "ಏ ಬಂಗಾರಕ್ಕಾ, ತಾಳ ಹಿಡಕೊಂಡು ಕುಂತಾಳಲ್ಲ, ಆ ಹುಡುಗಿ ಹೆಸರೇನೇ?" ಎಂದ. ಬಂಗಾರಕ್ಕ, "ನನಗೇನು ಗೊತ್ತು, ಆಕೆನ್ನೇ ಕೇಳು," ಎಂದಳು. ಒಂದು ಕ್ಷಣ ನಿಶ್ಶಬ್ದ. ಆಮೇಲೆ ಕತ್ತಲೆಯೊಳಗಿಂದ ಸಣ್ಣ ದನಿಯೊಂದು ತನ್ನ ಹೆಸರನ್ನು ತಾನೇ ಹೇಳಿತು. ಹಿಂದಿನ ಸಾಲಿನಲ್ಲಿ ಗೃಹಸ್ಥರು ಅಂದು ತುಟಿ ಬಿಗಿಹಿಡಿದು ಕುಳಿತಿದ್ದರು.

ಆಟ ಮುಗಿದ ಮೇಲೆ ವೃದ್ಧರು ಮಕ್ಕಳನ್ನು ಪರದೆಯ ಹಿಂದಕ್ಕೆ ಕರೆದರು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಮೂಗುತಿಯ ಗೆರೆಯೂ ಸ್ಪಷ್ಟ. ದೂರ ಸರಿಸಿದರೆ ಎಲ್ಲ ಮಸುಕು. ಹುಡುಗಿ ಕಡ್ಡಿ ಹಿಡಿದು ಹತ್ತಿರ ಒಯ್ದಳು, ದೂರ ತಂದಳು, ಮತ್ತೆ ಹತ್ತಿರ ಒಯ್ದಳು. ಅವಳನ್ನು ಯಾರೂ ಮುಂದೆ ತಳ್ಳಿರಲಿಲ್ಲ. ಅವಳೇ ಎದ್ದು ಹೋಗಿದ್ದಳು.

ಮರುದಿನ ಹುಡುಗಿ ಮಾಸ್ತರ ಬಳಿಗೆ ಹೋಗಿ ಒಂದು ಪಾತ್ರ ಕೇಳಿದಳು. ಯಾರೂ ಬರೆಸದೆ ಉಳಿದಿದ್ದ ದ್ವಾರಪಾಲಕನ ಪಾತ್ರ. ಕೊನೆಯ ರಾತ್ರಿ ಹನ್ನೊಂದು ರಾಜರ ಪೈಕಿ ಒಬ್ಬನೇ ರಾಜನಾಗಿ ಉಳಿದಿದ್ದ, ಮಿಕ್ಕವರು ಸೈನಿಕರಾಗಿದ್ದರು. ರಟ್ಟಿನ ಕಿರೀಟ ತೊಟ್ಟು, ತನಗಿಂತ ಎತ್ತರದ ಕೋಲು ಹಿಡಿದು ದ್ವಾರಪಾಲಕ ಬಂದಾಗ ಸಾರಥಿ ಅಡ್ಡ ನಿಂತು ಕೇಳಿದ. ಉತ್ತರ ಬರುವುದು ಎರಡು ಗಳಿಗೆ ತಡವಾಯಿತು. ಆಟ ಕಾಯಿತು. ಉತ್ತರ ಬಂತು, ಮೂರನೆಯ ಸಾಲಿನವರೆಗೆ ಕೇಳಿಸಿತು. ಅಷ್ಟೇ. ಚಪ್ಪಾಳೆಯೆಲ್ಲ ರಾಜನಿಗೆ ಹೋಯಿತು. ಗೃಹಸ್ಥರಿಗೆ ಮಾತ್ರ ಆ ರಾತ್ರಿ ಬೇರೆ ಯಾವ ಮಾತೂ ಕಿವಿಗೆ ಬೀಳಲಿಲ್ಲ.

ಹಂಪಿಯ ಉತ್ಸವಕ್ಕೆ ಮಕ್ಕಳ ತಂಡದ ಅರ್ಜಿ ಹಾಕುವ ಮಾತು ಸಂಘದಲ್ಲಿ ಎದ್ದಾಗ ಗೃಹಸ್ಥರು ಹಾಳೆಯನ್ನು ಮನೆಗೆ ತಂದು, ಹೆಸರಿನ ಸಾಲನ್ನು ಖಾಲಿ ಬಿಟ್ಟು, ಲೇಖನಿಯೊಂದಿಗೆ ಮಗಳ ಮುಂದಿಟ್ಟರು. ಅವಳು ತಕ್ಷಣ ಬರೆಯಲಿಲ್ಲ. ಎದ್ದು ಹೋಗಿ ದ್ವಾರಪಾಲಕನ ಕೋಲನ್ನು ತಂದು, ಅಡುಗೆಮನೆಯ ಬಾಗಿಲಿಗೆ ಅಡ್ಡ ಹಿಡಿದು, ಹೊರಗೆ ಬರುತ್ತಿದ್ದ ಅಜ್ಜಿಯನ್ನು ತಡೆದು ನಿಲ್ಲಿಸಿದಳು.

"ಬಂದವರು ಯಾರು? ಯಾವ ಪಟ್ಟಣ? ನಾಮಾಂಕಿತವೇನು?"

ಅಜ್ಜಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಸೆರಗನ್ನು ಸೊಂಟಕ್ಕೆ ಬಿಗಿದಳು. ಅರುವತ್ತು ವರ್ಷ ಗಂಟಲಲ್ಲಿ ಕಾದಿದ್ದ ದನಿ ಹೊರಗೆ ಬಂತು:

"ಪಟ್ಟಣ ಕಂಪ್ಲಿ. ಕಂಪಿಲರಾಯನ ಮಗ ಕುಮಾರರಾಮ!"

ಮೊಮ್ಮಗಳು ಕೋಲನ್ನು ಸರಿಸಿ ದಾರಿ ಬಿಟ್ಟಳು.