ನನ್ನದೊಂದು ಕಾರು ಪುರಾಣ

ಕಾರು ಎಂದರೆ ಗಂಡಸರ ಮಾತು, ಹೆಂಗಸರು ಬಣ್ಣ ನೋಡಿ "ಚೆನ್ನಾಗಿದೆ" ಅಂದರೆ ಸಾಕು ಎನ್ನುವವರು ನಮ್ಮ ಬೂದಿಕೋಟೆಯಲ್ಲೂ ಇದ್ದಾರೆ, ನಿಮ್ಮೂರಲ್ಲೂ ಇದ್ದಾರು. ನನಗಾದರೋ ಚಿಕ್ಕಂದಿನಿಂದ ಕಾರಿನ ಹುಚ್ಚು. ಬಂಗಾರಪೇಟೆ ಸ್ಟೇಷನ್ನಿನ ಮುಂದೆ ಟ್ಯಾಕ್ಸಿ ಇಟ್ಟಿದ್ದ ಸೋದರಮಾವ ಹತ್ತಿಸಿದ ಹುಚ್ಚು ಅದು. ಒಲೆ ಮೇಲೆ ಸಾರು ಕುದಿಯುತ್ತಿದ್ದರೂ ಬೀದಿಯಲ್ಲಿ ಹೋದ ಗಾಡಿ ಯಾವುದೆಂದು ಸದ್ದಿನಲ್ಲೇ ಹೇಳಬಲ್ಲೆ.

ದೇಶದೇಶದ ಕಾರುಗಳ ಕಥೆ ಓದಿದಾಗ ನನಗೆ ನೆನಪಾಗುವುದು ದೋಸೆಹಿಟ್ಟು. ಹಿಟ್ಟು ಒಂದೇ ಆದರೂ ಮನೆಮನೆಗೂ ರುಚಿ ಬೇರೆ. ಇಂಗ್ಲೆಂಡಿನವರು 1950ರ ದಶಕದಲ್ಲಿ ಮಾಡಿ ಬಿಟ್ಟ ಮಾರಿಸ್ ಆಕ್ಸ್‌ಫರ್ಡ್ ಮಾದರಿ ನಮ್ಮಲ್ಲಿ ಅಂಬಾಸಡರ್ ಆಗಿ 2014ರವರೆಗೂ ತಯಾರಾಯಿತು. ಇಟಲಿಯ ಫಿಯೆಟ್ 1100 ಇಲ್ಲಿಗೆ ಬಂದು ಪದ್ಮಿನಿಯಾಯಿತು, ಮದುವೆಯಾಗಿ ಬಂದ ಸೊಸೆಗೆ ಬೇರೆ ಹೆಸರು ಇಟ್ಟ ಹಾಗೆ! ಬಿಡದಿಯಲ್ಲಿ 2000ದಿಂದ ತಯಾರಾದ ಕ್ವಾಲಿಸ್, ಇಂಡೊನೇಷ್ಯಾದಲ್ಲಿ 'ಕಿಜಾಂಗ್'. ಅವರ ಭಾಷೆಯಲ್ಲಿ ಹಾಗೆಂದರೆ ಜಿಂಕೆ ಜಾತಿಯ ಪ್ರಾಣಿಯಂತೆ. ನಮ್ಮ ಕಡೆ ಆ ಜಿಂಕೆಯ ಬೆನ್ನ ಮೇಲೆ ಮದುವೆ ದಿಬ್ಬಣವೇ ಹೋಗುತ್ತಿತ್ತು.

ಜಪಾನಿನವರು ಜಾಣರು ಎಂಬುದು ನನ್ನ ಅಭಿಪ್ರಾಯ. ಇಕ್ಕಟ್ಟಾದ ಬೀದಿಗಳಿಗೆಂದೇ 3.4 ಮೀಟರ್ ಉದ್ದ, 660 ಸಿ.ಸಿ. ಮೀರದ ಪುಟ್ಟ ಕಾರುಗಳಿಗೆ ಅವರಲ್ಲಿ ತೆರಿಗೆ ಕಡಿಮೆ. 1983ರ ಡಿಸೆಂಬರಿನಲ್ಲಿ ಬಂದ ನಮ್ಮ ಮಾರುತಿ 800 ಅದೇ ವಂಶದ್ದು. ಅಮೆರಿಕದವರದು ದೊಡ್ಡ ಕೈ. ಅಲ್ಲಿ ಹಲವು ದಶಕ ಮಾರಾಟದಲ್ಲಿ ಮುಂದಿದ್ದದ್ದು ಫೋರ್ಡ್ ಎಫ್ ಸರಣಿಯ ಪಿಕಪ್. ನಮ್ಮಲ್ಲಿ ಪಿಕಪ್ ಎಂದರೆ ಕೋಲಾರದ ಮಾರುಕಟ್ಟೆಗೆ ಟೊಮೆಟೊ ಒಯ್ಯುವ ಗಾಡಿ. ಅಲ್ಲಿ ಮನೆಮಂದಿ ಓಡಾಡುವುದೂ ಅದರಲ್ಲೇ. ಬ್ರೆಜಿಲಿನವರು 1979ರಿಂದಲೇ ಕಬ್ಬಿನಿಂದ ತೆಗೆದ ಇಂಧನದಲ್ಲಿ ಕಾರು ಓಡಿಸಿದರು. ನಮ್ಮ ಬೆಂಗಳೂರಿನ ಪುಟಾಣಿ ವಿದ್ಯುತ್ ಕಾರು ರೇವಾ, 2001ರಲ್ಲಿ ಹುಟ್ಟಿ, 'ಜಿ-ವಿಜ್' ಎಂಬ ಹೆಸರಲ್ಲಿ ಲಂಡನ್ ಬೀದಿ ಸುತ್ತಿತು. ಈ ಮಾತು ಹೇಳುವಾಗ ನನಗೆ ತವರಿನ ಹೆಮ್ಮೆ.

ನಮ್ಮ ಸರ್ಕಾರ 2006ರಲ್ಲಿ ನಾಲ್ಕು ಮೀಟರಿಗಿಂತ ಚಿಕ್ಕ ಕಾರುಗಳಿಗೆ ತೆರಿಗೆ ಇಳಿಸಿತು. ಅಷ್ಟೇ, ಕಂಪನಿಗಳು ಕಾರಿನ ಬಾಲ ಮೊಟಕು ಮಾಡತೊಡಗಿದವು. 2008ರ ಡಿಜೈರ್‌ಗೂ 2012ರ ಡಿಜೈರ್‌ಗೂ ಹಿಂಭಾಗ ಹೋಲಿಸಿ ನೋಡಿ, ತಿಳಿಯುತ್ತದೆ.

ಬಾಲ ಮೊಟಕಾದರೆ ಚಿಂತೆಯಿಲ್ಲ, ಪ್ರಾಣದಲ್ಲಿ ಮಾತ್ರ ಉಳಿತಾಯ ಮಾಡಬಾರದು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ಭಾರತದ ಐದು ಕಾರುಗಳ ಅಗ್ಗದ ಮಾದರಿಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ಪರೀಕ್ಷಿಸಿದ ಫಲ ಪ್ರಕಟಿಸಿತು. ಐದಕ್ಕೂ ಸೊನ್ನೆ ನಕ್ಷತ್ರ! ಅದರಲ್ಲೊಂದಾದ ಪೋಲೋ ಕಾರಿಗೆ ಎರಡು ಏರ್‌ಬ್ಯಾಗ್ ಇದ್ದಾಗ ನಾಲ್ಕು ನಕ್ಷತ್ರ ಬಂದವು. ಯುರೋಪಿನ ತಾಯಿಗೆ ಸಿಕ್ಕ ಏರ್‌ಬ್ಯಾಗ್ ನಮಗೇಕೆ ಬೇಡವಾಯಿತು? ಚಾಲಕನ ಏರ್‌ಬ್ಯಾಗ್ ಇಲ್ಲಿ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಪಕ್ಕದವರದ್ದು ಇನ್ನೂ ತಡ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಸಿಎಪಿ ಪರೀಕ್ಷೆ ಬಂದಿದೆ.

ಹೋದ ವರ್ಷ ಮೈದುನ ಕಾರು ಕೊಳ್ಳಲು ಹೊರಟ. "ಮೇಲೆ ಕಿಟಕಿ ಇರೋದೇ ಬೇಕು ಅತ್ತಿಗೆ, ಮಕ್ಕಳು ತಲೆ ಹೊರಗೆ ಹಾಕಿ ನಿಲ್ತಾರೆ" ಅಂದ. "ತಲೆ ಹೊರಗೆ ಹಾಕೋದಕ್ಕೆ ದುಡ್ಡು ಕೊಡ್ತೀಯ, ತಲೆ ಉಳಿಸ್ಕೊಳ್ಳೋದಕ್ಕೆ ಕೊಡಲ್ವೇನಪ್ಪ?" ಅಂದೆ. ಎರಡು ದಿನ ಮುಖ ಊದಿಸಿಕೊಂಡಿದ್ದ. ಓರಗಿತ್ತಿ ನನ್ನ ಪಕ್ಷ ವಹಿಸಿದಳು. ಕೊನೆಗೆ ಮೇಲಿನ ಕಿಟಕಿ ಇಲ್ಲದ, ಆರು ಏರ್‌ಬ್ಯಾಗಿನ ಗಾಡಿಯೇ ಮನೆಗೆ ಬಂತು.

ಆದರೆ ಒಂದು ಮಾತು. ನಾವು ಹೆಂಗಸರು ಕೂರುವುದು ಹೆಚ್ಚಾಗಿ ಹಿಂದಿನ ಸೀಟಿನಲ್ಲಿ. ಅಲ್ಲಿ ಕಾಯುವುದು ಬೆಲ್ಟು. 2022ರ ಸೆಪ್ಟೆಂಬರಿನಲ್ಲಿ ಅಪಘಾತದಲ್ಲಿ ತೀರಿಕೊಂಡ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಅಷ್ಟು ದೊಡ್ಡ ಕಾರಿನಲ್ಲೇ ಹಾಗಾದರೆ ನಮ್ಮ ಪಾಡೇನು? ಹಿಂದಿನವರೂ ಬೆಲ್ಟ್ ಹಾಕಬೇಕೆಂಬುದು ಕಾನೂನು. ಆದರೆ ಅಂಗಡಿಯವರು ಹೊಲಿದ ಸೀಟು ಕವರಿನಡಿ ಅದರ ಕೊಂಡಿಯೇ ಹೂತುಹೋಗಿರುತ್ತದೆ! ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಕವರು ಅದಕ್ಕೂ ಅಡ್ಡಿ.

ಮಗುವನ್ನು ತೊಡೆಯ ಮೇಲೆ ಕೂರಿಸಿದರೆ ಭದ್ರ ಅಂದುಕೊಳ್ಳುತ್ತೇವೆ. ಗಾಡಿ ಗುದ್ದಿದಾಗ ಹತ್ತು ಕಿಲೋ ಮಗುವನ್ನು ಯಾವ ತಾಯಿಯ ಕೈಯೂ ಹಿಡಿದಿಡಲಾರದು. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೂ ಮಕ್ಕಳನ್ನು ಹಿಮ್ಮುಖದ ಸೀಟಿನಲ್ಲೇ ಕೂರಿಸುತ್ತಾರಂತೆ. ಬೇರೆ ದೇಶದಿಂದ ಕಲಿಯುವುದಿದ್ದರೆ ಇದನ್ನು ಕಲಿಯೋಣ.

ಆದ್ದರಿಂದ ಸೋದರಿಯರೇ, ಮನೆಗೆ ಕಾರು ಬರುವ ಮಾತು ಎದ್ದರೆ ಬಣ್ಣ ಅವರೇ ಆರಿಸಲಿ. ನಕ್ಷತ್ರ ಎಷ್ಟು, ಏರ್‌ಬ್ಯಾಗ್ ಎಷ್ಟು, ಹಿಂದಿನ ಮೂರು ಜನಕ್ಕೂ ಹೆಗಲ ಮೇಲಿಂದ ಬರುವ ಬೆಲ್ಟ್ ಇದೆಯೇ — ಈ ಮೂರು ನೀವು ಕೇಳಿ. ತರಕಾರಿ ಕೊಳ್ಳುವಾಗ ಬದನೆಕಾಯಿ ತಿರುಗಿಸಿ ಹುಳುಕು ಹುಡುಕುವ ಕಣ್ಣಿಗೆ ಇದು ದೊಡ್ಡ ಕೆಲಸವೇನಲ್ಲ.