ಬಾಡಿಗೆಯ ಕಿರ್ದಿ

ಮನುಷ್ಯನು ತನ್ನ ನೆನಪನ್ನು ಪೂರ್ಣವಾಗಿ ನಂಬಲಾರದೆ ಲೆಕ್ಕವನ್ನು ಬರೆದಿಡಲು ಕಲಿತನು. ಬರೆದ ಲೆಕ್ಕವನ್ನು ಎಲ್ಲಿ ಇಡಬೇಕೆಂಬ ಚಿಂತೆಯು ಅಂದಿನಿಂದಲೇ ಅವನ ಬೆನ್ನು ಹತ್ತಿತು. ನಮ್ಮ ಹಿರಿಯರು ಕಿರ್ದಿ-ಖತಾವಣಿಗಳನ್ನು ಅರಿವೆಯಲ್ಲಿ ಸುತ್ತಿ ತಿಜೋರಿಯೊಳಗೆ ಇಡುತ್ತಿದ್ದರು. ಲಕ್ಷ್ಮಿಯೂ ಲೆಕ್ಕವೂ ಒಂದೇ ಪೆಟ್ಟಿಗೆಯಲ್ಲಿ ಇರತಕ್ಕವೆಂಬ ಭಾವನೆ ಅವರದು. ಈಗಲಾದರೋ ಲಕ್ಷ್ಮಿಯು ಬ್ಯಾಂಕಿಗೂ ಲೆಕ್ಕವು ಮುಗಿಲಿಗೂ ಹೋಗಿ ಸೇರಿವೆ. ಮುಗಿಲೆಂದರೆ ನಮ್ಮ ಕಡೆಯ ರೈತನು ಮುಖವೆತ್ತಿ ಕಾಯುವ ಮಳೆಯ ಮುಗಿಲಲ್ಲ; ವ್ಯಾಪಾರಸ್ಥರು 'ಕ್ಲೌಡ್' ಎಂದು ಕರೆಯುವ ಬಾಡಿಗೆಯ ತಂತ್ರಾಂಶದ ಏರ್ಪಾಡು. ಅದರ ವಿಷಯವಾಗಿ ನಾನು ನನ್ನ ಬಂಧುಬಳಗದಲ್ಲಿ ಕಂಡ ಒಳಿತು-ಕೆಡಕುಗಳನ್ನು ವಾಚಕರ ಮುಂದೆ, ಅದರಲ್ಲಿಯೂ ಮನೆವಾರ್ತೆಯನ್ನು ನೋಡುವ ಸೋದರಿಯರ ಮುಂದೆ, ಇಡಬೇಕೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಯಾದಗಿರಿಯ ಗಂಜ್‌ನಲ್ಲಿ ನನ್ನ ಸೋದರಮಾವನವರದೊಂದು ಅಡತಿ ಅಂಗಡಿಯುಂಟು. ತೊಗರಿ, ಹೆಸರು, ಶೇಂಗಾ ಚೀಲಗಳ ನಡುವೆ ಗಾದಿಯ ಮೇಲೆ ಕುಳಿತು ಮುನೀಮರು ಬರೆಯುತ್ತಿದ್ದ ಕಾಲವನ್ನು ನಾನು ಬಲ್ಲೆನು. ಅನಂತರ ಅಲ್ಲಿಗೆ ಗಣಕಯಂತ್ರ ಬಂದಿತು. ಅದರೊಡನೆ ಟ್ಯಾಲಿಯೂ ಬಂದಿತು. 1986ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ ಸಂಸ್ಥೆಯ ಆ ತಂತ್ರಾಂಶವು ಒಮ್ಮೆ ಹಣ ಕೊಟ್ಟರೆ ಅಂಗಡಿಯ ಯಂತ್ರದೊಳಗೇ ನೆಲೆನಿಲ್ಲುತ್ತಿತ್ತು. ಆದುದರಿಂದ ಲೆಕ್ಕವು ಕಾಗದವನ್ನು ಬಿಟ್ಟರೂ ಅಂಗಡಿಯನ್ನು ಬಿಟ್ಟಿರಲಿಲ್ಲ.

ಅಂಗಡಿಯನ್ನು ಬಿಡುವ ಕಾಲವೂ ಒದಗಿತು. 2014ರಲ್ಲಿ ನಮ್ಮ ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ತರುವ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಯಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದು, ವ್ಯಾಪಾರಿಯು ತನ್ನ ಲೆಕ್ಕವನ್ನು ಜಾಲದ ಮೂಲಕವೇ ಸರಕಾರಕ್ಕೆ ಒಪ್ಪಿಸಬೇಕಾಯಿತು. 2023ರ ಆಗಸ್ಟ್ 1ರಿಂದ, ವರ್ಷಕ್ಕೆ 5 ಕೋಟಿ ರೂಪಾಯಿಗಳನ್ನು ಮೀರಿದ ವಹಿವಾಟುಳ್ಳವರು ಬೇರೆ ವ್ಯಾಪಾರಿಗಳಿಗೆ ಕೊಡುವ ಬಿಲ್ಲುಗಳನ್ನು ಸಹ ಸರಕಾರದ ಜಾಲದಲ್ಲಿ ದಾಖಲಿಸಬೇಕೆಂಬ ನಿಯಮವಾಯಿತು. ನಿಯಮ ಬದಲಾದಂತೆಲ್ಲ ತಂತ್ರಾಂಶವನ್ನೂ ತಿದ್ದಿಸಿಕೊಳ್ಳುವದು ಚಿಕ್ಕ ಅಂಗಡಿಕಾರನ ಕೈಯಲ್ಲಾಗುವ ಕೆಲಸವಲ್ಲ. ಹೀಗಿರಲು, 'ತಿಂಗಳಿಗಿಷ್ಟು, ವರ್ಷಕ್ಕಿಷ್ಟು ಬಾಡಿಗೆ ಕೊಡಿರಿ. ತಿದ್ದುವದು, ಕಾಯುವದು ಎಲ್ಲ ನಮ್ಮ ಹೊಣೆ' ಎಂದವರ ಮಾತು ಅವನಿಗೆ ಹಿತವಾಗಿ ಕೇಳಿದ್ದರಲ್ಲಿ ಆಶ್ಚರ್ಯವೇನು?

ಈ ಬಾಡಿಗೆಯ ಪದ್ಧತಿ ಹೊರದೇಶದಲ್ಲಿ ತೀರ ಹೊಸದಲ್ಲ. ಗಣಕಯಂತ್ರವು ಒಂದು ಕೋಣೆಯಷ್ಟು ದೊಡ್ಡದಾಗಿದ್ದ 1960ರ ದಶಕದಲ್ಲಿಯೇ ಅಮೇರಿಕೆಯ ಉದ್ಯಮಗಳು ಬೇರೊಬ್ಬರ ಯಂತ್ರದ ವೇಳೆಯನ್ನು ತಾಸಿನ ಲೆಕ್ಕದಲ್ಲಿ ಕೊಳ್ಳುತ್ತಿದ್ದವು. 1999ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸ್ಥಾಪಿತವಾದ ಸೇಲ್ಸ್‌ಫೋರ್ಸ್ ಎಂಬ ಸಂಸ್ಥೆಯು ವ್ಯಾಪಾರದ ತಂತ್ರಾಂಶವನ್ನು ಅಂತರಜಾಲದ ಮೂಲಕ ಬಾಡಿಗೆಗೆ ಕೊಡುವದನ್ನು ಹೆಸರಿಗೆ ತಂದಿತು. 2006ರಲ್ಲಿ ಅಮೆಜಾನ್ ಸಂಸ್ಥೆಯು ಯಂತ್ರಗಳ ಶಕ್ತಿಯನ್ನೇ ಬೇಕಾದಾಗ ಬೇಕಾದಷ್ಟು ಮಾರತೊಡಗಿತು. ನಮ್ಮ ನೆರೆಯ ಚೆನ್ನೈಯ ಜೋಹೋ ಸಂಸ್ಥೆಯೂ ಈ ಉದ್ಯೋಗದಲ್ಲಿ ಲೋಕಪ್ರಸಿದ್ಧವಾಗಿದೆ.

ಸುರಪುರ, ಶಹಾಪುರಗಳ ರೈತರಿಗೆ ಇದನ್ನು ತಿಳಿಸಲು ಹೆಚ್ಚು ಮಾತು ಬೇಡ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರದಿಂದ ಎಡದಂಡೆಯ ಕಾಲುವೆ ಈ ಸೀಮೆಯ ಹೊಲಗಳಿಗೆ ಹರಿದು ಬರುತ್ತದಷ್ಟೆ. ಅದಕ್ಕೂ ಮೊದಲು ನೀರು ಬೇಕಾದವನು ತನ್ನ ಹೊಲದಲ್ಲಿ ತಾನೇ ಬಾವಿ ತೋಡಬೇಕಿತ್ತು. ಕಾಲುವೆ ಬಂದ ಮೇಲೆ ತೋಡುವ ಕಷ್ಟ ತಪ್ಪಿತು. ಬಾವಿ ಕಾಣದ ಬಡವನೂ ಬತ್ತ ಬೆಳೆದನು. ಆದರೆ ತೂಬಿನ ಕೀಲಿ ಅವನ ಕೈಯಲ್ಲಿಲ್ಲ. ನೀರು ಯಾವಾಗ ಬಿಡುವರು, ಯಾವಾಗ ನಿಲ್ಲಿಸುವರು ಎಂಬದನ್ನು ಕಾಲುವೆಯ ಕೊನೆಯ ಭಾಗದ ರೈತನು ಎಂದೂ ಮರೆಯಲಾರ. ಸ್ವಂತ ತಂತ್ರಾಂಶವೆಂಬದು ಬಾವಿ, ಬಾಡಿಗೆಯದು ಕಾಲುವೆ.

ಕಾಲುವೆಯ ಸುಖವನ್ನು ಮೊದಲು ಹೇಳುವದು ನ್ಯಾಯ. ಮಾವನವರ ಹಳೆಯ ಕಿರ್ದಿಗಳಲ್ಲಿ ಒಂದು ಗಂಟನ್ನು ಗೆದ್ದಲು ತಿಂದು ಮಣ್ಣು ಮಾಡಿತ್ತು. ಮುಗಿಲಿನ ಕಿರ್ದಿಗೆ ಗೆದ್ದಲಿನ ಭಯವಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಈಗ ಆ ಅಂಗಡಿಯ ಲೆಕ್ಕವನ್ನು ಬರೆಯುವವಳು ಸುರಪುರಕ್ಕೆ ಕೊಟ್ಟ ಅವರ ಮಗಳು. ಗಂಜ್‌ನ ಗಾದಿಯ ಮೇಲೆ ಹೆಣ್ಣುಮಗಳು ಕುಳಿತದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿರಲಿಲ್ಲ. ಸುರಪುರದಿಂದ ಶಹಾಪುರದ ಮೇಲೆ ಹಾಯ್ದು ಯಾದಗಿರಿಗೆ ದಿನಾಲು ಬಸ್ಸಿನಲ್ಲಿ ಬಂದುಹೋಗುವದು ಕೂಸಿನ ತಾಯಿಗೆ ಸಾಧ್ಯವೂ ಅಲ್ಲ. ಮಗುವನ್ನು ಮಲಗಿಸಿ, ಮನೆಯಲ್ಲಿಯೇ ಕುಳಿತು, ತಂದೆಯ ಅಂಗಡಿಯ ಆ ದಿನದ ಪಟ್ಟಿಗಳನ್ನೆಲ್ಲ ಅವಳು ತಾಳೆ ನೋಡುತ್ತಾಳೆ. ತಿಂಗಳಿಗೆ ಸಂಬಳವನ್ನೂ ಪಡೆಯುತ್ತಾಳೆ. ಬಿ.ಕಾಂ. ಓದಿಸಿದ್ದು ಸಾರ್ಥಕವಾಯಿತೆಂದು ಮಾವನವರು ಬಂದವರೆದುರಿಗೆಲ್ಲ ಹೇಳುವದುಂಟು.

ಇನ್ನು ತೂಬು ಮುಚ್ಚಿದ ಸಂಗತಿ. ಶಹಾಪುರದಲ್ಲಿ ನನ್ನ ಅಕ್ಕನ ಮನೆಯವರದು ಬೀಜ-ಗೊಬ್ಬರದ ಅಂಗಡಿ. ಮುಂಗಾರಿನಲ್ಲಿ ರೈತರಿಗೆ ಉದ್ರಿ ಕೊಡುವದು, ಹತ್ತಿ ಬಿಡಿಸಿ ಮಾರಿದ ಮೇಲೆ ವಸೂಲು ಮಾಡುವದು, ಇದು ಅಲ್ಲಿಯ ರೂಢಿ. ಭಾವನವರು ಎಲ್ಲ ಉದ್ರಿಯನ್ನೂ ಒಂದು ಬಾಡಿಗೆಯ ತಂತ್ರಾಂಶದಲ್ಲಿ ಬರೆಯುತ್ತಿದ್ದರು. ಆ ವರ್ಷ ಶ್ರಾವಣದಲ್ಲಿ ಅವರು ಎದೆನೋವಿನಿಂದ ಹಠಾತ್ತನೆ ತೀರಿಕೊಂಡರು. ದಸರೆಯ ಹೊತ್ತಿಗೆ ಬಾಡಿಗೆಯ ಅವಧಿ ಮುಗಿದು ಕಿರ್ದಿಯ ಬಾಗಿಲು ಮುಚ್ಚಿತು. ಹಣ ಕಟ್ಟಿ ತೆರೆಯೋಣವೆಂದರೆ ಪಾಸ್‌ವರ್ಡು ಅವರೊಬ್ಬರಿಗೇ ಗೊತ್ತಿತ್ತು. ಹೊಸದನ್ನು ಪಡೆಯುವ ಪತ್ರವು ಅವರ ಈಮೇಲಿಗೇ ಬರತಕ್ಕದ್ದು, ಆ ಈಮೇಲಿನ ಕೀಲಿಯೂ ಅವರೊಡನೆಯೇ ಹೋಗಿತ್ತು. ಸಂಸ್ಥೆಯವರಿಗೆ ಬರೆದರೆ ಮರಣಪತ್ರ, ವಾರಸಾ ಪತ್ರ ಮೊದಲಾದವುಗಳನ್ನು ಒಂದೊಂದಾಗಿ ಕೇಳಿದರು. ಕಂಡಕಂಡವರಿಗೆ ಇನ್ನೊಬ್ಬರ ಲೆಕ್ಕವನ್ನು ತೋರಿಸಲಾಗದೆಂಬ ಅವರ ನಿಯಮ ತಪ್ಪೆನ್ನಲಾರೆ. ಆದರೆ ಇತ್ತ ಗೊಬ್ಬರದ ಸಗಟು ವ್ಯಾಪಾರಿಗಳು ತಮ್ಮ ಹಣಕ್ಕಾಗಿ ಬಾಗಿಲಿಗೆ ಬಂದು ನಿಂತಿದ್ದರು; ಯಾರಿಂದ ಎಷ್ಟು ಬರಬೇಕೆಂಬದು ಅಕ್ಕನಿಗೆ ತಿಳಿಯದು.

ಹತ್ತಿಯ ಸುಗ್ಗಿಯಲ್ಲಿ ರೈತರು ತಾವಾಗಿಯೇ ಬಂದರು. "ಅವ್ವಾರ, ಸಾವ್ಕಾರ್ರು ನನ್ನ ಹೆಸರಿಗೆ ಹನ್ನೆರಡು ಸಾವಿರ ಬರ್ದಾರ್ರಿ, ತಗೋರಿ" ಎಂದು ಒಬ್ಬ ಮುದುಕನು ನೋಟುಗಳನ್ನು ಎಣಿಸಿಟ್ಟನು. ಹತ್ತು ಜನರಲ್ಲಿ ಏಳೆಂಟು ಜನ ಹೀಗೆ ಬಂದರು; ಉಳಿದವರು ಆ ದಾರಿಯಿಂದ ಹಾಯುವದನ್ನೇ ಬಿಟ್ಟರು. ಸಂಕ್ರಾಂತಿಯ ನಂತರ ಕಿರ್ದಿ ತೆರೆದಾಗ, ಬಂದವರು ಹೇಳಿದ ಮೊತ್ತಕ್ಕೂ ಬರೆದ ಮೊತ್ತಕ್ಕೂ ಹೆಚ್ಚಿನ ಅಂತರವಿರಲಿಲ್ಲ. ಆದರೆ ಬಾರದವರ ಬಾಕಿಯನ್ನು ಕೇಳುವ ಹೊತ್ತು ಮೀರಿತ್ತು, ಅವರ ಕೈಯ ಹಣವೂ ಖರ್ಚಾಗಿತ್ತು. ಆ ಕೊರತೆಯನ್ನು ಅಕ್ಕ ತನ್ನ ಪಾಟಲಿಗಳನ್ನು ಒತ್ತೆಯಿಟ್ಟು ತುಂಬಿದಳು.

ಇದರಿಂದ ಬಾಡಿಗೆಯ ತಂತ್ರಾಂಶವೇ ಬೇಡವೆನ್ನುವದು ಅವಿವೇಕ. ಅಕ್ಕನೂ ಅದನ್ನು ಬಿಟ್ಟಿಲ್ಲ. ಉಪಕರಣವು ಬಾಡಿಗೆಯದಾದರೂ ಲೆಕ್ಕವು ನಮ್ಮದೆಂಬ ಎಚ್ಚರ ಇರಬೇಕು. ತೆರಿಗೆಯ ಕಾನೂನು ಸಹ, ಆಯಾ ವರ್ಷದ ವಾರ್ಷಿಕ ವಿವರಣೆಯನ್ನು ಸಲ್ಲಿಸತಕ್ಕ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡುವ ಹೊಣೆಯನ್ನು ನೋಂದಾಯಿತ ವ್ಯಾಪಾರಿಯ ಮೇಲೆಯೇ ಹೊರಿಸಿದೆ. ಬಾಡಿಗೆ ನಿಂತಿತೆಂಬ ನೆವದಿಂದ ಆ ಹೊಣೆ ತಪ್ಪುವದಿಲ್ಲ. ಆದುದರಿಂದ ಕರಾರಿಗೆ ಒಪ್ಪುವ ಮೊದಲೇ ಕೇಳಬೇಕು: ನಮ್ಮ ಲೆಕ್ಕವನ್ನು ಬೇಕೆಂದಾಗ ಪೂರ್ತಿಯಾಗಿ ಹೊರತೆಗೆದುಕೊಳ್ಳಬಹುದೋ? ಹೊರತೆಗೆದದ್ದು ಬೇರೆ ತಂತ್ರಾಂಶದಲ್ಲಿ ತೆರೆಯುವದೋ? ಅವಧಿ ಮುಗಿದ ಮೇಲೆ ಎಷ್ಟು ದಿನ ಉಳಿಸುವರು? ಮಾಲೀಕನು ಇಲ್ಲವಾದರೆ ಯಾರಿಗೆ ಕೊಡುವರು?

ಅಕ್ಕ ಈಗ ಪ್ರತಿ ತಿಂಗಳ ಕೊನೆಗೆ ಉದ್ರಿಯ ಯಾದಿಯನ್ನು ಅಚ್ಚು ತೆಗೆಯಿಸಿ ಟ್ರಂಕಿನಲ್ಲಿ ಇಡುತ್ತಾಳೆ. ಇನ್ನೊಂದು ಪ್ರತಿ ಮನೆಯ ಯಂತ್ರದಲ್ಲಿರುತ್ತದೆ. ಬಾಡಿಗೆ ಕಟ್ಟುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದಾಳೆ. ಪಾಸ್‌ವರ್ಡು ಅವಳಿಗೂ ಮಗಳಿಗೂ ತಿಳಿದಿದೆ. ಇಷ್ಟಕ್ಕೆ ಅವಳಿಗೆ ತಿಂಗಳಿಗೆ ಅರ್ಧ ತಾಸು ಸಾಕಾಗುವದು. ವಾಚಕರೂ ತಮ್ಮ ಮನೆಯ ವ್ಯವಹಾರದ ಲೆಕ್ಕ ಎಲ್ಲಿದೆ, ಅದರ ಕೀಲಿ ಎಷ್ಟು ಜನರ ಕೈಯಲ್ಲಿದೆ ಎಂಬದನ್ನು ಈ ತಿಂಗಳು ಮುಗಿಯುವದರೊಳಗೆ ಒಮ್ಮೆ ವಿಚಾರಿಸಿಕೊಳ್ಳಬೇಕೆಂದು ನನ್ನ ವಿನಂತಿ.