ಯಜ್ದಿಯ ಪಾಯಿಂಟು

2023ರ ಡಿಸೆಂಬರಿನಲ್ಲಿ ನಾವು ಅಬ್ಬಾರ ಯಜ್ದಿ ಬೈಕಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದೆವು. ಕೇಳುವವರಿಗೆ ಇದೊಂದು ರಿಪೇರಿ, ಗ್ಯಾರೇಜಿನಲ್ಲಿ ಒಂದು ದಿನದ ಕೆಲಸ. ಆದರೆ ಆ ಕೆಲಸದ ದೆಸೆಯಿಂದ ನಾಲ್ಕು ತಿಂಗಳ ನಂತರ ಈದಿಗೆ ಬಂದ ನಮ್ಮ ಆಪಾ ಶೀರ್ ಖುರ್ಮಾದ ಬಟ್ಟಲನ್ನು ಅರ್ಧಕ್ಕೇ ಇಟ್ಟು ಎದ್ದುಹೋದಳು. ಕತೆ ಬರೆಯುವವರಾದ ನಾವು ಇದನ್ನು ಕತೆ ಮಾಡಲು ಎರಡು ಸಲ ಯತ್ನಿಸಿ ಸೋತೆವು. ಕತೆಯಲ್ಲಾದರೆ ತಪ್ಪನ್ನು ಯಾವುದಾದರೂ ಪಾತ್ರದ ತಲೆಗೆ ಕಟ್ಟಬಹುದು. ಇಲ್ಲಿ ಹಾಗೆ ಮಾಡುವಂತಿಲ್ಲ. ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇವೆ.

ಗಾಡಿ 1981ರದ್ದು. ಅಬ್ಬಾ ಅದನ್ನು 1987ರಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿಯಿಂದ ಆರೂವರೆ ಸಾವಿರಕ್ಕೆ ಕೊಂಡಿದ್ದರು. ಅರಸೀಕೆರೆಯಿಂದ ಹದಿನೆಂಟು ಕಿಲೋಮೀಟರು ದೂರದ ಹಳ್ಳಿಯೊಂದರ ಸರ್ಕಾರಿ ಉರ್ದು ಶಾಲೆಯಲ್ಲಿ ಅವರು ಮೇಷ್ಟ್ರು. ಬಸ್ಸು ದಿನಕ್ಕೆ ಎರಡೇ ಸಲ. ಗಾಡಿ ಬಂದ ದಿನ ಅಮ್ಮಿ ನಿಂಬೆಹಣ್ಣು ಹುಡುಕಿದರು, ಅಬ್ಬಾ ನಕ್ಕು, ಬಿಸ್ಮಿಲ್ಲಾ ಹೇಳಿ ಕಿಕ್ ಹೊಡೆದರು. ಹೊಗೆ ಓಣಿಯ ತುದಿಯವರೆಗೂ ಹೋಯಿತು.

ಯಜ್ದಿ ನಮ್ಮ ಮೈಸೂರಿನ ಗಾಡಿ ಎಂಬುದು ಹಳಬರಿಗೆಲ್ಲ ಗೊತ್ತು. 1929ರಲ್ಲಿ ಚೆಕ್ ದೇಶದ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರ್ ಸೈಕಲ್ ತಯಾರಿಕೆಯನ್ನು ಕೊಂಡುಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿ ‘ಜಾವಾ’ ಎಂದಿಟ್ಟರು. ಅದೇ ಜಾವಾ 1961ರ ಹೊತ್ತಿಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ನಡೆಸಿದವರು ಪಾರ್ಸಿಗಳಾದ ಇರಾನಿ ಮನೆತನದವರು. 1970ರ ದಶಕದಲ್ಲಿ ಹೆಸರು ಯಜ್ದಿ ಎಂದಾಯಿತು. ಅಬ್ಬಾ ಸ್ವಲ್ಪ ಫಾರಸಿ ಬಲ್ಲವರು. ‘ಯಜ್ದಿ ಅಂದರೆ ಯಜ್ದ್‌ನವನು. ಯಜ್ದ್ ಇರಾನಿನ ಒಂದು ಊರು. ಶೀರಾಜಿನವನು ಶೀರಾಜಿ ಆದ ಹಾಗೆ’ ಎಂದು ಪೆಟ್ರೋಲ್ ಬಂಕಿನ ಹುಡುಗನಿಗೂ ವ್ಯಾಕರಣ ಹೇಳುತ್ತಿದ್ದರು. ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರಿಂದ ಅದೇ ಹೆಸರಿನ ಹೊಸ ಬೈಕುಗಳು ಬಂದಿವೆ. ಅವು ಫೋರ್ ಸ್ಟ್ರೋಕು, ವಂಶ ಬೇರೆ.

ಹಳೆಯ ಯಜ್ದಿಯ ಜೀವ ಇರುವುದು ಅದರ ಬಲಬದಿಯ ಮುಚ್ಚಳದೊಳಗೆ. ಅಲ್ಲಿ ಡೈನಮೋ, ಅದರ ತುದಿಗೆ ಪಾಯಿಂಟು. ಎರಡು ಪುಟ್ಟ ಲೋಹದ ಗುಂಡಿಗಳು ಒಂದಕ್ಕೊಂದು ಮುಖ ಕೊಟ್ಟು ಕೂತಿರುತ್ತವೆ. ಅವು ಕೂಡಿದ್ದಾಗ ಬ್ಯಾಟರಿಯ ಕರೆಂಟು ಕಾಯಿಲಿನಲ್ಲಿ ಹರಿಯುತ್ತದೆ. ತಿರುಗುವ ಕ್ಯಾಮು ಅವನ್ನು ಫಕ್ಕನೆ ಬೇರೆ ಮಾಡಿದ ಕ್ಷಣ ಕರೆಂಟು ಕಡಿದು, ಆರೇ ವೋಲ್ಟಿನ ಬ್ಯಾಟರಿಯಿಂದ ಸಾವಿರಾರು ವೋಲ್ಟು ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟಿನಲ್ಲೇ ಕಿಡಿ ಹಾರಿ ಅದು ಸುಟ್ಟುಹೋಗದಂತೆ ನೋಡಿಕೊಳ್ಳುವುದು ಪಕ್ಕದ ಕಂಡೆನ್ಸರು. ಅಮೆರಿಕದ ಕೆಟರಿಂಗ್ ಎಂಬವರು 1910ರ ಆಸುಪಾಸಿನಲ್ಲಿ ಕಾರುಗಳಿಗೆ ತಂದ ಉಪಾಯ ಇದು. ಮುಕ್ಕಾಲು ಶತಮಾನ ಜಗತ್ತೆಲ್ಲ ಇದರ ಮೇಲೇ ಓಡಿತು.

ಟೂ ಸ್ಟ್ರೋಕಿನಲ್ಲಿ ಎಂಜಿನ್ನಿನ ಪ್ರತಿ ಸುತ್ತಿಗೂ ಒಂದು ಕಿಡಿ ಬೇಕು. ನಿಮಿಷಕ್ಕೆ ಮೂರು ಸಾವಿರ ಸುತ್ತು ಎಂದರೂ ಪಾಯಿಂಟು ಸೆಕೆಂಡಿಗೆ ಐವತ್ತು ಸಲ ಬಾಯಿ ತೆರೆಯಬೇಕು. ಅಬ್ಬಾ ಅರ್ಧ ಗಂಟೆಯಲ್ಲಿ ಶಾಲೆ ಮುಟ್ಟುವಷ್ಟರಲ್ಲಿ ತೊಂಬತ್ತು ಸಾವಿರ ಸಲ. ಇಷ್ಟು ತಿಕ್ಕಿದರೆ ಏನು ತಾನೇ ಸವೆಯದೆ ಉಳಿದೀತು? ಕ್ಯಾಮಿನ ಮೇಲೆ ಒರೆಸಿಕೊಳ್ಳುವ ಫೈಬರ್ ಹಿಮ್ಮಡಿ ತೇಯುತ್ತದೆ, ಸಂದು ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ, ಗಾಡಿ ಏರಿನಲ್ಲಿ ಸುಸ್ತಾಗುತ್ತದೆ. ಸಂದು 0.4 ಮಿಲಿಮೀಟರು ಇರಬೇಕು. ಕಿಡಿ ಬೀಳಬೇಕಾದದ್ದು ಪಿಸ್ಟನ್ನು ಮೇಲಿನ ತುದಿ ಮುಟ್ಟುವುದಕ್ಕೆ ಮೂರು ಮಿಲಿಮೀಟರ್ ಆಸುಪಾಸು ಮೊದಲು. ಅದಕ್ಕಿಂತ ತೀರಾ ಮುಂಚೆ ಬಿದ್ದರೆ ಕಿಕ್ಕರು ತಿರುಗಿ ಹೊಡೆಯುತ್ತದೆ. ಜಾವಾ, ಯಜ್ದಿ ಇಟ್ಟುಕೊಂಡವರ ಮೊಣಕಾಲ ಕೆಳಗೆ ನೋಡಿದರೆ ಇದಕ್ಕೆ ಸಾಕ್ಷಿ ಸಿಗುತ್ತದೆ.

ತಿಂಗಳಿಗೊಂದು ಭಾನುವಾರ ಅಂಗಳದಲ್ಲಿ ಈ ಕೆಲಸ. ಪ್ಲಗ್ಗು ಬಿಚ್ಚಿ, ಗಾಡಿಯನ್ನು ನಾಲ್ಕನೇ ಗಿಯರಿಗೆ ಹಾಕಿ, ಅಬ್ಬಾ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಿದ್ದರು. ಪ್ಲಗ್ಗಿನ ತೂತಿನಲ್ಲಿ ಸೈಕಲ್ಲಿನ ಒಂದು ಸ್ಪೋಕು ಇಳಿಬಿಟ್ಟಿರುತ್ತಿತ್ತು. ಅದರ ಮೇಲೆ ಅರದಿಂದ ಎರಡು ಗೀಟು ಹಾಕಿದ್ದರು. ಸ್ಪೋಕು ಹಿಡಿಯುವುದು ನಮ್ಮ ಪಾಲಿನ ಕೆಲಸ. ಆಗ ನಮಗೆ ಎಂಟು ವರ್ಷ. ಆಪಾಗೆ ಹದಿಮೂರು. ಸಿಗರೇಟು ಪೊಟ್ಟಣದೊಳಗಿನ ತೆಳು ಕಾಗದದ ಚೂರನ್ನು ಪಾಯಿಂಟಿನ ನಡುವೆ ಸಿಕ್ಕಿಸಿ ಎಳೆದು ಹಿಡಿಯುವುದು ಅವಳದು. ಚಕ್ರ ತಿರುಗುತ್ತಿದ್ದಂತೆ ಒಂದು ಕ್ಷಣದಲ್ಲಿ ಕಾಗದ ಸಡಿಲಾಗಿ ಕೈಗೆ ಬರುತ್ತದೆ. ಪಾಯಿಂಟು ಬಾಯಿ ಬಿಡುವ ಗಳಿಗೆ ಅದು. ‘ಆಯಿತು’ ಎಂದು ಆಪಾ ಹೇಳಿದಾಗ ಸ್ಪೋಕಿನ ಗೀಟು ಸರಿಯಾದ ಜಾಗದಲ್ಲಿರಬೇಕು. ನಮ್ಮ ಕೈ ಅಲುಗುತ್ತಿತ್ತು, ಮನಸ್ಸು ಚೆಂಡಿನ ಮೇಲೆ. ಆಪಾಳದ್ದು ಎಂದೂ ತಪ್ಪಲಿಲ್ಲ. ಒಂದೆರಡು ವರ್ಷದಲ್ಲಿ ಫೀಲರ್ ಗೇಜು, ಸ್ಕ್ರೂಡ್ರೈವರು ಎರಡೂ ಅವಳ ಕೈಗೆ ಬಂದವು. ಅಬ್ಬಾ ಪಕ್ಕದಲ್ಲಿ ಕೂತು ಚಹಾ ಕುಡಿಯುವವರಾದರು. ಗಾಡಿ ಓಡಿಸುವುದನ್ನು ಮಾತ್ರ ಅವಳಿಗೆ ಯಾರೂ ಕಲಿಸಲಿಲ್ಲ. ಅವಳೂ ಕೇಳಲಿಲ್ಲ, ಅಥವಾ ಕೇಳಿದ್ದು ನಮಗೆ ಕೇಳಿಸಲಿಲ್ಲ.

1991ರ ಮಳೆಗಾಲದ ಒಂದು ರಾತ್ರಿ ನಮಗೆ ವಿಪರೀತ ಜ್ವರ. ಅಮ್ಮಿಯ ತವರಿನಿಂದ ಊರಿಗೆ, ಆಸ್ಪತ್ರೆಗೆಂದು, ಅಬ್ಬಾ ಹೊರಟರು. ನಮ್ಮನ್ನು ಬೀಳದಂತೆ ಹಿಡಿದುಕೊಳ್ಳಲು ಹಿಂದೆ ಆಪಾ. ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ಸುತ್ತ ತೆಂಗಿನ ತೋಟ, ಕತ್ತಲೆ. ಅಬ್ಬಾ ಟಾರ್ಚು ಹಿಡಿದರು, ಆಪಾ ಮುಚ್ಚಳ ಬಿಚ್ಚಿದಳು. ಪಾಯಿಂಟಿಗೆ ನೀರು ಹೊಕ್ಕಿತ್ತು. ದುಪಟ್ಟಾದ ಒಣಗಿದ ತುದಿ ಹುಡುಕಿ ಒರೆಸಿ, ಅರದ ಚೂರಿನಿಂದ ಎರಡು ಸಲ ಉಜ್ಜಿ, ಸಂದನ್ನು ಉಗುರಿನ ಅಂದಾಜಿನಲ್ಲೇ ಕೂರಿಸಿದಳು. ಮೂರನೇ ಕಿಕ್ಕಿಗೆ ಗಾಡಿ ಎದ್ದಿತು. ಈ ಸಂಗತಿಯನ್ನು ನಾವು ಗೆಳೆಯರಿಗೆ ಎಷ್ಟೋ ಸಲ ಹೇಳಿದ್ದೇವೆ. ಹೇಳುವಾಗ ‘ನಾವು ರಿಪೇರಿ ಮಾಡಿಕೊಂಡೆವು’ ಎನ್ನುತ್ತಿದ್ದೆವು. ಮನೆಮಾತು ಉರ್ದುವಾದ ನಮ್ಮಂಥವರು ತಮ್ಮೊಬ್ಬರನ್ನೇ ‘ಹಮ್’ ಎಂದುಕೊಳ್ಳುತ್ತೇವೆ. ಕನ್ನಡದಲ್ಲಿ ಬರೆವಾಗಲೂ ಆ ಅಭ್ಯಾಸ ಬಿಟ್ಟಿಲ್ಲ. ಆ ‘ಹಮ್’ನೊಳಗೆ ಆಪಾಳ ಕೆಲಸವೂ ಸದ್ದಿಲ್ಲದೆ ಸೇರಿಹೋಗಿತ್ತು.

ಆಪಾ ಮದುವೆಯಾಗಿ ದಾವಣಗೆರೆಗೆ ಹೋದಳು. ಆಮೇಲೆ ಗಾಡಿ ಪೇಟೆಯ ಉಸ್ತಾದರ ಕೈಗೆ ಹೋಯಿತು. ಆದರೂ ಪ್ರತಿ ಈದಿಗೆ ಬಂದಾಗ ಅವಳು ಅಂಗಳದಲ್ಲಿ ಹಳೆಯ ಗೋಣಿ ಹಾಸಿ ಕೂರುತ್ತಿದ್ದಳು. ಅಬ್ಬಾರ ಕೈ ನಡುಗತೊಡಗಿದ ಮೇಲಂತೂ ಈ ಹೊತ್ತಿಗೆ ಅವರು ಕಾದಿರುತ್ತಿದ್ದರು. ಒಮ್ಮೆ ಅವರು ತಾವೇ ಪಾಯಿಂಟು ಇಡಲು ಹೋಗಿ, ಸ್ಕ್ರೂ ಬೀಳಿಸಿ, ಹುಡುಕಿಕೊಡು ಎಂದು ನಮ್ಮನ್ನು ಕರೆದರು. ‘ಬಿಡಿ ಅಬ್ಬಾ, ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಮಾಡಿಕೊಡುತ್ತಾರೆ’ ಎಂದೆವು. ಅವರು ಮತ್ತೆ ಕರೆಯಲಿಲ್ಲ. 2012ರಲ್ಲಿ ತೀರಿಕೊಂಡರು. ಗಾಡಿಯ ಕಾಗದ ನಮ್ಮ ಹೆಸರಿಗಾಯಿತು.

ಇಷ್ಟೆಲ್ಲ ಇದ್ದೂ ಪಾಯಿಂಟನ್ನು ತೆಗೆಸಿದ್ದೇಕೆ? 2023ರ ಜುಲೈ ತಿಂಗಳಲ್ಲಿ ಮಗಳನ್ನು ಟ್ಯೂಷನ್ನಿಗೆ ಬಿಡಲು ಹೋಗುವಾಗ ಗಾಡಿ ರೈಲ್ವೆ ಗೇಟಿನ ಹಳಿಗಳ ನಡುವೆ ನಿಂತಿತು. ಬಿಸಿಯಾದಾಗ ನಿಲ್ಲುವುದು, ಆರಿದ ಮೇಲೆ ಏನೂ ಆಗದಂತೆ ಎದ್ದೇಳುವುದು, ಇದು ಕೆಟ್ಟ ಕಂಡೆನ್ಸರಿನ ಲಕ್ಷಣ. ಗೇಟಿನವನು ಕೂಗಿದ. ಮಗಳು ಇಳಿದು ತಳ್ಳಿದಳು. ರೈಲು ಬಂದದ್ದು ಹತ್ತು ನಿಮಿಷ ಬಿಟ್ಟು. ಆದರೆ ಆ ಹತ್ತು ನಿಮಿಷ ನಮಗೆ ಮೊದಲೇ ಗೊತ್ತಿರಲಿಲ್ಲವಲ್ಲ. ಆ ವರ್ಷ ಕೊಂಡ ಮೂರನೇ ಕಂಡೆನ್ಸರು ಅದು. ಈಗ ಸಿಗುವವು ಯಾರು, ಎಲ್ಲಿ ಮಾಡಿದವೋ.

ಉಸ್ತಾದರ ಬಳಿ ಹೋದರೆ ಅವರು ಪಾಯಿಂಟಿನ ಪ್ಲೇಟನ್ನು ಮೂಗಿನ ಹತ್ತಿರ ತಂದು, ದೂರ ಹಿಡಿದು, ಕೊನೆಗೆ ಅಂಗಡಿಯ ಹುಡುಗನಿಗೆ ಕೊಟ್ಟರು. ‘ಸಕ್ಕರೆ ಕಾಯಿಲೆ ಕಣ್ಣಿಗೆ ಬಂದಿದೆ ಬೇಟಾ. ಇದು ಕಣ್ಣಿನ ಕೆಲಸ. ಹುಡುಗರಿಗೆ ಇದರ ಮೇಲೆ ಸಬರ್ ಇಲ್ಲ. ಎಲೆಕ್ಟ್ರಾನಿಕ್ ಹಾಕಿಸಿಬಿಡು’ ಎಂದರು. ತಮ್ಮ ಕಸುಬು ತಮ್ಮ ನಂತರ ಬೇಡ ಎಂದು ಅಷ್ಟು ಸಲೀಸಾಗಿ ಹೇಳಿದವರನ್ನು ನಾವು ಬೇರೆ ಕಂಡಿಲ್ಲ.

ಜಾವಾ, ಯಜ್ದಿಗಳಿಗೆಂದೇ ಚೆಕ್ ದೇಶದಲ್ಲಿ ತಯಾರಾಗುವ ಕಿಟ್ಟು ಇದೆ. ತರಿಸಿದೆವು. ಅಬ್ಬಾ ಗಾಡಿಗೆ ಕೊಟ್ಟದ್ದಕ್ಕಿಂತ ಕಿಟ್ಟಿನ ಬೆಲೆಯೇ ಹೆಚ್ಚು. ಡೈನಮೋ, ಪಾಯಿಂಟು, ಕಂಡೆನ್ಸರು ಎಲ್ಲ ಹೊರಗೆ. ಅವುಗಳ ಜಾಗಕ್ಕೆ ಆಯಸ್ಕಾಂತವಿರುವ ಒಂದು ಚಕ್ರ, ಅದರೊಳಗೆ ತಂತಿಸುರುಳಿಗಳ ತಟ್ಟೆ. ಆಯಸ್ಕಾಂತ ಗೊತ್ತಾದ ಜಾಗಕ್ಕೆ ಬಂದಾಗ ಸಣ್ಣ ಸೂಚನೆ ಹುಟ್ಟಿ, ಎಲೆಕ್ಟ್ರಾನಿಕ್ ಪೆಟ್ಟಿಗೆ ಕಿಡಿ ಬಿಡುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲವಾದ್ದರಿಂದ ಸವೆಯುವ ಮಾತಿಲ್ಲ. ಒಮ್ಮೆ ಗುರುತಿಗೆ ಗುರುತು ಕೂಡಿಸಿ ಬಿಗಿದರೆ ಟೈಮಿಂಗು ಮತ್ತೆ ಕದಲುವುದಿಲ್ಲ. ಕಿಡಿಗೆ ಬ್ಯಾಟರಿಯ ಹಂಗೂ ಇಲ್ಲ. ಆರು ವೋಲ್ಟು ಹೋಗಿ ಹನ್ನೆರಡು ಬಂದದ್ದರಿಂದ ಬಲ್ಬು, ಹಾರನ್ನು ಬದಲಾಯಿಸಬೇಕಾಯಿತು. ನಲವತ್ತು ವರ್ಷ ಮೇಣದ ಬತ್ತಿಯಂತೆ ಉರಿದ ಹೆಡ್‌ಲೈಟು ಮೊದಲ ಸಲ ರಸ್ತೆ ತೋರಿಸಿತು. ಒಂದೇ ಕಿಕ್ಕು. ಸುಳ್ಳು ಹೇಳಬಾರದು, ನಮಗೆ ಬಹಳ ಖುಷಿಯಾಯಿತು.

ಮೂಲರೂಪ ಕೆಡಿಸಿದಿರಿ ಎಂದು ಬೇಸರಿಸಿದ ಗೆಳೆಯರಿದ್ದಾರೆ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ಗಾಡಿಗೆ ಐವತ್ತು ವರ್ಷ ದಾಟಿರಬೇಕು, ಮೂಲರೂಪವೂ ಉಳಿದಿರಬೇಕು. ನಮ್ಮದಕ್ಕೆ ಇನ್ನೂ ಅಷ್ಟು ವಯಸ್ಸಾಗಿಲ್ಲ, ನಮಗೆ ಆ ಹಂಬಲವೂ ಇಲ್ಲ. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಪಾಯಿಂಟು ಆಗಾಗ ಕೆಡುತ್ತದೆ, ಆದರೆ ದಾರಿ ಬದಿಯಲ್ಲಿ ಕೂತು ದುಪಟ್ಟಾದ ತುದಿಯಿಂದ ಸರಿಮಾಡಬಹುದು. ಪೆಟ್ಟಿಗೆ ಕೆಡುವುದು ಅಪರೂಪ. ಕೆಟ್ಟ ದಿನ ಮಾತ್ರ ತಳ್ಳಿಕೊಂಡೇ ಬರಬೇಕು. ರೈಲ್ವೆ ಗೇಟನ್ನು ನೆನೆದು ನಾವು ಪೆಟ್ಟಿಗೆಯನ್ನೇ ಆರಿಸಿಕೊಂಡೆವು. ಈಗಲೂ ಅದನ್ನೇ ಆರಿಸುತ್ತೇವೆ.

ಹಳೆಯ ಪ್ಲೇಟು, ಡೈನಮೋಗಳನ್ನು ಯಾರಿಗಾದರೂ ಆದೀತೆಂದು ಉಸ್ತಾದರಿಗೇ ಬಿಟ್ಟುಬಂದೆವು. ಆಪಾಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

2024ರ ಏಪ್ರಿಲಿನ ಈದು. ನಮಾಜು ಮುಗಿಸಿ ನಾವು ಗಾಡಿಯಲ್ಲಿ ಮನೆ ಮುಟ್ಟಿದಾಗ ಆಪಾ ಒಳಗೆ ಶೀರ್ ಖುರ್ಮಾ ತಿನ್ನುತ್ತಿದ್ದಳು. ಸದ್ದು ಕೇಳಿಯೇ ಹೊರಗೆ ಬಂದಳು. ‘ಇದು ಅಬ್ಬಾರ ಗಾಡಿಯ ಸದ್ದಲ್ಲ’ ಎಂದಳು. ನಾವು ಉತ್ಸಾಹದಿಂದ ಎಲ್ಲ ವಿವರಿಸಿದೆವು. ಹೊಸ ಲೈಟು ಹಾಕಿ ತೋರಿಸಿದೆವು. ಅವಳು ಬಲಬದಿಯ ಮುಚ್ಚಳದ ಮೇಲೆ ಕೈಯಿಟ್ಟು ನಿಂತಿದ್ದಳು.

‘ಹಳೇ ಪ್ಲೇಟು?’

‘ಉಸ್ತಾದರಿಗೆ ಕೊಟ್ಟೆವು.’

‘ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವಾ?’

ನೀನು ದಾವಣಗೆರೆಯಲ್ಲಿದ್ದೆಯಲ್ಲ ಎಂದೆವು. ಎಂಥ ಮಾತು! ವಾರಕ್ಕೆರಡು ಸಲ ಫೋನಿನಲ್ಲಿ ಉಪ್ಪಿನಕಾಯಿಯ ಹದದವರೆಗೆ ಮಾತಾಡುವವರು ನಾವು.

‘ಅಬ್ಬಾ ಹೋದಾಗ ಮನೆ, ಸೈಟು ಎಲ್ಲದರ ಲೆಕ್ಕ ಹಾಕಿ ಷರೀಅತ್ತಿನ ಪ್ರಕಾರ ನನ್ನ ಪಾಲು ಕೊಟ್ಟೆ, ಇಲ್ಲವೆನ್ನುವುದಿಲ್ಲ. ಗಾಡಿಯನ್ನು ಮಾತ್ರ ಯಾರೂ ಲೆಕ್ಕಕ್ಕೇ ತರಲಿಲ್ಲ. ಹುಡುಗನದಲ್ಲವಾ! ನಾನೂ ಕೇಳಲಿಲ್ಲ’ ಎಂದು ಒಳಗೆ ಹೋದಳು. ಆಮೇಲೆ ಊಟಕ್ಕೆ ಕೂತಳು, ಮಕ್ಕಳಿಗೆ ಈದಿ ಕೊಟ್ಟಳು, ನಮ್ಮೊಂದಿಗೆ ಮಾತ್ರ ಬೇಕಾದಷ್ಟೇ ಮಾತು.

ಮರುದಿನ ಉಸ್ತಾದರ ಅಂಗಡಿಗೆ ಹೋದೆವು. ಪ್ಲೇಟು ಎರಡು ತಿಂಗಳ ಹಿಂದೆಯೇ ತಿಪಟೂರಿನವರೊಬ್ಬರ ಜಾವಾ ಸೇರಿತ್ತು, ಗಾಡಿ ಚೆನ್ನಾಗಿ ಓಡುತ್ತಿತ್ತು. ಕೇಳಿ ತರಿಸುವ ಮಾತೇ ಇರಲಿಲ್ಲ. ಸಂಗತಿ ತಿಳಿದು ಉಸ್ತಾದರು ತುಸು ಹೊತ್ತು ಸುಮ್ಮನಿದ್ದರು. ‘ಈದು ಮುಗಿದ ಮೇಲೆ ಆ ಗಾಡಿಗೆ ಬೇರೆಯದೇ ಕೈ ಬಿದ್ದಿರುತ್ತಿತ್ತು. ನಿನ್ನದಲ್ಲ ಅಂತ ಗೊತ್ತಿತ್ತು. ನೀನು ಮುಟ್ಟಿದರೆ ಸ್ಕ್ರೂವಿನ ತಲೆ ಹಾಳಾಗುತ್ತೆ’ ಎಂದವರು, ಮೂಲೆಯಲ್ಲಿದ್ದ ಕೆಂಪು ಜಾವಾ ತೋರಿಸಿದರು. ಹಳ್ಳಿಯ ರೈತರದ್ದು. ವಾರದಿಂದ ಟೈಮಿಂಗು ಕೂರದೆ ನಿಂತಿದೆ. ‘ಬಿಟಿಯಾ ಬಂದು ನೋಡುತ್ತಾಳಾ, ಕೇಳು’ ಎಂದರು.

ಕೇಳಲು ನಮಗೆ ಧೈರ್ಯವಿರಲಿಲ್ಲ. ಮಗಳನ್ನು ಕಳಿಸಿದೆವು. ಆಪಾ ಬುರ್ಖಾ ಹಾಕಿಕೊಂಡು ಹೊರಟಳು, ಅಬ್ಬಾರ ಬಿಸ್ಕತ್ತಿನ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು. ಅಂಗಡಿಯ ಹುಡುಗ ಸ್ಟೂಲು ಒರೆಸಿಕೊಟ್ಟ, ರೈತರು ಟೊಪ್ಪಿಗೆ ತೆಗೆದು ಪಕ್ಕಕ್ಕೆ ಸರಿದರು. ಡಬ್ಬಿಯಲ್ಲಿ ಸ್ಪೋಕು ಹಾಗೇ ಇತ್ತು. ಚಕ್ರ ತಿರುಗಿಸಿದ್ದು ಹುಡುಗ, ಸ್ಪೋಕು ಹಿಡಿದದ್ದು ಮಗಳು. ಕಾಗದ ಆಪಾಳ ಕೈಯಲ್ಲಿ. ಎರಡು ಸಲ ‘ಇಲ್ಲ’ ಎಂದಳು. ಮೂರನೇ ಸಲ ‘ಆಯಿತು’ ಎಂದಳು. ಕೂಲಿಯೆಂದು ಉಸ್ತಾದರು ಕೊಟ್ಟ ಇನ್ನೂರು ರೂಪಾಯಿಯನ್ನು ಬೇಡವೆನ್ನದೆ ಪರ್ಸಿಗೆ ಹಾಕಿಕೊಂಡಳು.

ಸಂಜೆಯ ರೈಲಿಗೆ ಅವಳನ್ನು ನಾವೇ ಯಜ್ದಿಯಲ್ಲಿ ಸ್ಟೇಷನ್ನಿಗೆ ಬಿಟ್ಟೆವು. ದಾರಿಯಲ್ಲಿ, ‘ಲೈಟು ಚೆನ್ನಾಗಿದೆ’ ಎಂದಳು. ಡಬ್ಬಿ ಅವಳ ಬ್ಯಾಗಿನಲ್ಲಿತ್ತು.